ಮೀನು ಹುರಿಯುವ ತೌನೊ ಪರೀಕ್ಷೆಗೆ ಕೂತದ್ದು

ತೌನೊ ರೂಸ್ಕನೆನ್ ಯಾರಿಗಾದರೂ 'ಹೌದು' ಎಂದದ್ದನ್ನು ನಾನು ಕೇಳಿರಲಿಲ್ಲ. 'ಇಲ್ಲ' ಎಂದದ್ದನ್ನೂ ಕೇಳಿರಲಿಲ್ಲ. ಫಿನ್ನಿಶ್ ನಾಡಿನ ಈ ನಮ್ಮ ಸವೊ ಸೀಮೆಯಲ್ಲಿ ಇದೇನೂ ದೊಡ್ಡ ದೋಷವಲ್ಲ. ನೇರ ಉತ್ತರ ಕೊಟ್ಟು ಆಮೇಲೆ ಅದನ್ನು ಉಳಿಸಿಕೊಳ್ಳಲು ಒದ್ದಾಡುವ ಗೋಜು ಯಾರಿಗೆ ಬೇಕು ಎನ್ನುವ ಜನ ನಾವು. ಆದರೆ ಸುತ್ತಿ ಬಳಸಿ ಮಾತಾಡುವ ಇಡೀ ಕುವೊಪಿಯೊ ಪಟ್ಟಣವೇ ತೌನೊನ ಮುಂದೆ ಸೋತಿತ್ತು.

ಅವನ ಮದುವೆಯಲ್ಲಿ ನಾನೂ ಇದ್ದೆ. ಪಾದ್ರಿ ದಕ್ಷಿಣದ ಕಡೆಯವರು, ಊರಿಗೆ ಹೊಸಬರು. "ಈ ಸಿಲ್ವಿಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ?" ಎಂದು ಕೇಳಿದರು. ತೌನೊ ತನ್ನ ಕೋಟಿನ ತೋಳು ನೋಡಿಕೊಂಡ.

"ಅದಕ್ಕೇ ತಾನೆ ಇವತ್ತು ಕೋಟು ಹಾಕ್ಕೊಂಡು ಬಂದಿರೋದು" ಎಂದ.

ಪಾದ್ರಿ ಗಂಟಲು ಸರಿಮಾಡಿಕೊಂಡು ಮತ್ತೆ ಕೇಳಿದರು.

"ಬೇಡ ಅನ್ನೋ ಯೋಚನೆ ಇದ್ದಿದ್ರೆ ಬೆಳಿಗ್ಗೆನೇ ಗಾಳ ತಗೊಂಡು ಹೊರಟುಹೋಗ್ತಿದ್ದೆನೇನೋ."

ಪಾದ್ರಿ ಪುಸ್ತಕ ಮುಚ್ಚುವುದೋ ತೆರೆದಿಡುವುದೋ ತಿಳಿಯದೆ ನಿಂತರು. ಸಿಲ್ವಿಯೇ ಮುಂದೆ ಬಂದು, "ಪಾದ್ರಿಗಳೇ, ಇವನ ಭಾಷೇಲಿ ಇದು ಹೌದು ಅಂತ. ನೀವು ಮುಂದಕ್ಕೆ ಓದಿ" ಎಂದಳು. ಅವತ್ತಿನಿಂದ ಅವಳು ಅವನ ಹೆಂಡತಿಯೂ ಹೌದು, ದುಭಾಷಿಯೂ ಹೌದು.

ತೌನೊ ಮೊದಲು ಮರದ ದಿಮ್ಮಿಗಳನ್ನು ಎಳೆಯುವ ಸರೋವರದ ಹಡಗಿನಲ್ಲಿ ಅಡುಗೆಯವನಾಗಿದ್ದ. ದಿಮ್ಮಿಗಳು ಲಾರಿ ಹತ್ತಿದ ಮೇಲೆ ಹಡಗುಗಳು ನಿಂತವು. ಅವನು ಸಂತೆಚೌಕಕ್ಕೆ ಬಂದು ನನ್ನ ಪಕ್ಕದಲ್ಲಿ ಗುಡಾರ ಹಾಕಿದ. ನಾನು ಕಾಫಿ ಮತ್ತು ಏಲಕ್ಕಿ ಬನ್ನು ಮಾರುವವಳು. ಅವನು ಬೆರಳುದ್ದದ ಮುಯಿಕ್ಕು ಮೀನನ್ನು ರೈ ಹಿಟ್ಟಿನಲ್ಲಿ ಹೊರಳಿಸಿ, ಬಂಡಿಗಾಲಿಯಷ್ಟು ಅಗಲದ ಕಾವಲಿಯ ಮೇಲೆ ಬೆಣ್ಣೆ ಹಾಕಿ ಹುರಿಯುತ್ತಿದ್ದ. ಆ ವಾಸನೆಗೆ ಬಂದವರು ಅವನ ಮಾತಿಗೆ ಸಿಕ್ಕಿಬೀಳುತ್ತಿದ್ದರು. ಒಮ್ಮೆ ಹೆಲ್ಸಿಂಕಿಯವನೊಬ್ಬ ಬಂದು, "ಮೀನು ತಾಜಾನಾ?" ಎಂದು ಕೇಳಿದ.

"ತಾಜಾ ಅನ್ನೋದು ಅವರವರ ಲೆಕ್ಕ" ಎಂದ ತೌನೊ. "ನಿನ್ನೆ ಸಂಜೆ ಇದನ್ನ ಕೇಳಿದ್ರೆ, ಕೆರೆ ಬಿಟ್ಟು ಬರೋ ಯೋಚನೆನೇ ಇದಕ್ಕೆ ಇದ್ದ ಹಾಗಿರ್ಲಿಲ್ಲ."

"ಅಂದ್ರೆ ತಾಜಾ ಅಂತ ತಾನೆ?"

"ಹಳೇದು ಅಂತ ನಾನಂತೂ ಯಾರ ಹತ್ರನೂ ಹೇಳ್ಕೊಂಡು ತಿರುಗಿಲ್ಲ."

ಆ ಮನುಷ್ಯ ತಲೆ ಕೆರೆದುಕೊಳ್ಳುತ್ತ ಎರಡು ತಟ್ಟೆ ತಿಂದು, ಮೂರನೆಯದನ್ನು ಕಟ್ಟಿಸಿಕೊಂಡು ಹೋದ.

ಹೀಗೇ ನಡೆಯುತ್ತಿತ್ತು. ಆಮೇಲೆ ಹೊಸ ಕಾನೂನು ಬಂತು. ಬಿಡಿ ತಿನಿಸನ್ನು ಕೈಯಿಂದ ಮುಟ್ಟಿ ಮಾರುವವರೆಲ್ಲ ಶುಚಿತ್ವದ ಪಾಸ್‌ಪೋರ್ಟ್ ಪಡೆಯಬೇಕು, ಅದಕ್ಕೊಂದು ಪರೀಕ್ಷೆ ಬರೆಯಬೇಕು. ಸಂತೆಯ ಮೇಲ್ವಿಚಾರಕ ಚಳಿಗಾಲದಲ್ಲೇ ಬಂದು ಎಲ್ಲರಿಗೂ ಹೇಳಿಹೋದ: ಮೇ ತಿಂಗಳ ವಪ್ಪು ಹಬ್ಬದ ಹೊತ್ತಿಗೆ ಪಾಸ್‌ಪೋರ್ಟ್ ಇಲ್ಲದವರು ಒಲೆ ಹಚ್ಚುವಂತಿಲ್ಲ.

"ಪಾಸ್‌ಪೋರ್ಟೇ?" ಎಂದ ತೌನೊ. "ಮೀನು ನಮ್ಮೂರ ಕೆರೇದು, ನಾನು ನಮ್ಮೂರೋನು. ಇಬ್ರಲ್ಲಿ ಯಾರೂ ಗಡಿ ದಾಟಿದ ಹಾಗೆ ನೆನಪಿಲ್ಲವಲ್ಲ."

"ತಮಾಷೆ ಸಾಕು ಕಣಯ್ಯ. ತರಗತಿಗೆ ಹೋಗ್ತೀಯೋ ಇಲ್ವೋ?"

"ಆ ಕಡೆ ದಾರಿ ಮುಚ್ಚಿದ್ದಾರೆ ಅಂತ ಯಾರೂ ಹೇಳಿಲ್ಲ."

ಮೇಲ್ವಿಚಾರಕನೂ ನಮ್ಮವನೇ. ಅದನ್ನು ಹೌದು ಎಂದೇ ಬರೆದುಕೊಂಡ.

ವಯಸ್ಕರ ಶಾಲೆಯಲ್ಲಿ ತರಗತಿ. ನನಗೂ ಪಾಸ್‌ಪೋರ್ಟ್ ಬೇಕಿತ್ತು. ತೌನೊನ ಪಕ್ಕದಲ್ಲೇ ಕೂತೆ. ಪಾಠ ಹೇಳಲು ಬಂದವಳು ಮರ್ಯುಕ್ಕ. ಎತ್ತರದ ಹೆಂಗಸು, ಬಿಗಿಯಾಗಿ ಕಟ್ಟಿದ ಜುಟ್ಟು. ಪಶ್ಚಿಮದ ಪೊಹ್ಯನ್ಮಾ ಬಯಲಿನವಳು. ಅಲ್ಲಿ ನೆಲವೂ ಸಪಾಟು, ಮಾತೂ ಸಪಾಟು. ಹೌದು ಎಂದರೆ ಹೌದು, ಇಲ್ಲ ಎಂದರೆ ಬಾಗಿಲು ಹಾಕಿಕೊಂಡಂತೆ ಇಲ್ಲ. ಪಾಪ, ಅವಳನ್ನು ನಮ್ಮ ನಡುವೆ ತಂದು ಬಿಟ್ಟಿದ್ದರು.

"ಕೈ ಯಾವಾಗ ತೊಳೀಬೇಕು?" ಎಂದು ಕೇಳುತ್ತ ಅವಳು ನೇರವಾಗಿ ತೌನೊನನ್ನು ನೋಡಿದಳು.

"ಕೊಳೆ ಆದಾಗ ತೊಳೆಯೋರು ಇದ್ದಾರೆ" ಎಂದ ತೌನೊ. "ಊಟಕ್ಕೆ ಮುಂಚೆ ತೊಳೆಯೋರೂ ಇದ್ದಾರೆ. ನಮ್ಮಮ್ಮ ಶನಿವಾರ ಸೌನಾದ ಹಬೆಸ್ನಾನದಲ್ಲಿ ತೊಳೆಸ್ತಿದ್ಲು."

"ನೀವು ಯಾವಾಗ ತೊಳೀತೀರಿ ಅಂತ ಕೇಳ್ತಿದೀನಿ."

"ನಾನು ಕಡಿಮೆ ತೊಳೀತೀನಿ ಅಂತ ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ, ಟೀಚರಮ್ಮ."

ತರಗತಿ ನಕ್ಕಿತು. ಮರ್ಯುಕ್ಕ ನಗಲಿಲ್ಲ. ಚೀಲದಿಂದ ಒಂದು ಮುಲಾಮಿನ ಡಬ್ಬಿ ತೆಗೆದು, ಎಲ್ಲರ ಕೈಗೂ ಹಚ್ಚಿಸಿ, ಹೋಗಿ ಕೈ ತೊಳೆದು ಬನ್ನಿ ಎಂದಳು. ಬಂದ ಮೇಲೆ ದೀಪ ಆರಿಸಿ ಒಂದು ನೀಲಿ ಬೆಳಕನ್ನು ಹಿಡಿದಳು. ಸರಿಯಾಗಿ ತೊಳೆಯದೆ ಉಳಿದ ಜಾಗವೆಲ್ಲ ಆ ಬೆಳಕಿನಲ್ಲಿ ಹೊಳೆಯುತ್ತಿತ್ತು. ನನ್ನ ಹೆಬ್ಬೆರಳು ಹೊಳೆಯಿತು. ತೌನೊನ ಎರಡೂ ಕೈ ಕ್ರಿಸ್ಮಸ್ ಗಿಡದಂತೆ ಜಗಮಗಿಸಿದವು.

"ನೋಡೋಕೇನೋ ಚೆನ್ನಾಗಿದೆ" ಎಂದ ಅವನು. ಆದರೆ ದನಿ ಸಣ್ಣದಾಗಿತ್ತು. ಎದ್ದು ಹೋಗಿ ಮತ್ತೆ ತೊಳೆದು ಬಂದು ಬೆಳಕಿಗೆ ಹಿಡಿದ. ಉಗುರುಗಳು ಇನ್ನೂ ಹೊಳೆಯುತ್ತಿದ್ದವು. ಮತ್ತೆ ಹೋದ. ಉಳಿದವರು ಕಾಫಿಗೆ ಎದ್ದರೂ ಅವನು ನಲ್ಲಿಯ ಹತ್ತಿರವೇ ಇದ್ದ.

ಪರೀಕ್ಷೆಯ ದಿನ ಬಂತು. ನಲವತ್ತು ವಾಕ್ಯ. ಪ್ರತಿ ವಾಕ್ಯದ ಮುಂದೆ ಎರಡು ಚೌಕ: ಸರಿ, ತಪ್ಪು. ಒಂದಕ್ಕೆ ಗುರುತು ಹಾಕಬೇಕು. ಮೂವತ್ತನಾಲ್ಕು ಒಪ್ಪಾದರೆ ಪಾಸು. ನಾನು ಬೇಗ ಮುಗಿಸಿ ಹೊರಬಂದೆ. ತೌನೊ ಕೊನೆಯವರೆಗೂ ಕೂತು, ಹಾಳೆಯ ಹಿಂಬದಿಗೂ ಬರೆಯುತ್ತಿದ್ದ. ಚೆನ್ನಾಗಿ ಬರೆದಿದ್ದಾನೆ ಎಂದುಕೊಂಡೆ.

ಮರುವಾರ ಮರ್ಯುಕ್ಕ ಅವನನ್ನು ಕರೆದು ಹಾಳೆ ಮುಂದಿಟ್ಟಳು. ಒಂದು ಚೌಕದಲ್ಲೂ ಗುರುತಿಲ್ಲ. 'ಹಸಿ ಕೋಳಿ ಕತ್ತರಿಸಿದ ಮಣೆಯನ್ನು ತೊಳೆಯದೆ ಅದರ ಮೇಲೆ ಸೊಪ್ಪು ಹೆಚ್ಚಬಹುದು' ಎಂಬುದರ ಪಕ್ಕದಲ್ಲಿ, 'ಹೆಚ್ಚಬಹುದು, ಕೈ ಹಿಡ್ಕೊಳ್ಳೋರು ಯಾರೂ ಇಲ್ಲ, ಆಮೇಲೆ ಏನಾಗುತ್ತೆ ಅನ್ನೋದು ಬೇರೆ ಮಾತು' ಎಂದು ಬರೆದಿದ್ದ. 'ಕಾಯಿಲೆಯಿದ್ದಾಗ ಅಡುಗೆ ಕೆಲಸಕ್ಕೆ ಬರಬಾರದು' ಎಂಬುದಕ್ಕೆ, 'ಎಂಥ ಕಾಯಿಲೆ ಅಂತ ಕೊಟ್ಟಿಲ್ಲ. ನನಗೆ ಮಂಡಿನೋವಿದೆ' ಎಂದು.

"ಇದೇನಿದು?" ಎಂದಳು ಮರ್ಯುಕ್ಕ.

"ಪೂರ್ತಿ ಖಾಲಿ ಬಿಟ್ರೆ ನಿಮಗೆ ಬೇಜಾರಾಗಬಹುದು ಅನ್ನಿಸ್ತು" ಎಂದ ತೌನೊ.

ಎರಡನೆಯ ಸಲ ಕೂರುವ ಮುಂಚೆ ಸಿಲ್ವಿ ಅವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಗದರಿದಳು. "ನೋಡು ಮುದುಕಾ, ಒಂದಕ್ಷರ ಬರೀಕೂಡದು. ಬರೀ ಗುರುತು. ತಿಳೀತಾ?" ಅವನು ಅಕ್ಷರಶಃ ಪಾಲಿಸಿದ. ಒಂದಕ್ಷರ ಬರೆಯಲಿಲ್ಲ. ಎಲ್ಲ ಗುರುತುಗಳನ್ನೂ ಎರಡು ಚೌಕಗಳ ಸರಿಯಾಗಿ ನಡುವೆ ಹಾಕಿ ಬಂದ.

ವಪ್ಪು ಬಂತು. ತೌನೊ ಕಾವಲಿ ಮುಟ್ಟುವಂತಿರಲಿಲ್ಲ. ಸಿಲ್ವಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸದಲ್ಲಿದ್ದವಳು. ಅವಳಿಗೆ ಪಾಸ್‌ಪೋರ್ಟ್ ಮೊದಲೇ ಸಿಕ್ಕಿತ್ತು. ಇದ್ದಬದ್ದ ರಜೆಯನ್ನೆಲ್ಲ ಹಾಕಿ, ಬಿಳಿ ಟೋಪಿ ತೊಟ್ಟು, ಕಾವಲಿಯ ಮುಂದೆ ನಿಂತಳು. ತೌನೊನ ಪಾಲಿಗೆ ಉಳಿದದ್ದು ಗಲ್ಲಾಪೆಟ್ಟಿಗೆ ಮಾತ್ರ.

"ಮೀನು ತಾಜಾನಾ?" ಎಂದು ಗಿರಾಕಿ ಕೇಳುತ್ತಿದ್ದ.

"ಹೌದು" ಎನ್ನುತ್ತಿದ್ದಳು ಸಿಲ್ವಿ.

"ಮುಳ್ಳು ಇರುತ್ತಾ?"

"ಇರುತ್ತೆ. ಅಗಿದ್ರೆ ಗೊತ್ತಾಗಲ್ಲ. ಮುಂದಿನವರು ಬನ್ನಿ."

ಸಾಲು ಸರಸರನೆ ಓಡುತ್ತಿತ್ತು. ತೌನೊ ನನ್ನ ಬನ್ನಿನ ಪೆಟ್ಟಿಗೆಯ ಮೇಲೆ ಬಂದು ಕುಸಿದ. "ನೋಡು ಹಿಲ್ಕಾ, ಜನ ಬರ್ತಾರೆ, ತಿಂತಾರೆ, ಹೋಗ್ತಾರೆ. ಇದನ್ನ ವ್ಯಾಪಾರ ಅನ್ನೋದಾದ್ರೆ ಅನ್ನಲಿ."

ಅವನಿಗಿದ್ದ ಒಂದೇ ಸಮಾಧಾನ ಉಪ್ಪು. ಸಿಲ್ವಿಯದು ಆಸ್ಪತ್ರೆಯ ಕೈ. ಹೃದ್ರೋಗಿಗಳಿಗೆ ಹಾಕುವಷ್ಟೇ ಉಪ್ಪನ್ನು ಮೀನಿಗೂ ಹಾಕುತ್ತಿದ್ದಳು. ಹಳೆಯ ಗಿರಾಕಿಯೊಬ್ಬ ಒಂದು ತುತ್ತು ತಿಂದು, "ಇದನ್ನ ಪೂರ್ತಿ ತಿಂದ್ರೆ ಸೋಮವಾರ ವಾರ್ಡಿನಿಂದ ಮನೆಗೆ ಕಳಿಸ್ತೀರೇನಮ್ಮಾ?" ಎಂದು ಕೇಳಿದ. ತೌನೊ ಮುಖ ತಿರುಗಿಸಿಕೊಂಡು ನಕ್ಕ. ಸಿಲ್ವಿ ಅದನ್ನು ನೋಡಿಬಿಟ್ಟಳು.

"ನಗು, ನಗು. ನನ್ನ ರಜೆ ಮುಗೀತಾ ಬಂತು. ನಾನು ವಾಪಸ್ ಹೋಗೋದ್ರೊಳಗೆ ನೀನು ಪಾಸಾಗ್ಲಿಲ್ವೋ, ಈ ಕಾವಲೀನ ಗುಜರಿಗೆ ಹಾಕ್ತೀನಿ. ಅರ್ಥವಾಯ್ತಾ?"

"ಅರ್ಥವಾಗದೆ ಇರೋ ಹಾಗೆ ಏನೂ ಹೇಳ್ಲಿಲ್ಲ ನೀನು."

ಅವನು ಹಾಗೆಂದದ್ದು ನೆಲ ನೋಡಿಕೊಂಡು. ಸಂಜೆ ಗುಡಾರ ಬಿಚ್ಚುವಾಗ ಕಾವಲಿಯನ್ನು ಅವನೇ ಉಜ್ಜಿದ. ಉಜ್ಜುವುದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲವಲ್ಲ. ಹೊಳೆಯುವ ಕಬ್ಬಿಣವನ್ನು ಮತ್ತೆ ಮತ್ತೆ ಉಜ್ಜುತ್ತಿದ್ದವನನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನವೇ ಮರ್ಯುಕ್ಕನನ್ನು ಹುಡುಕಿಕೊಂಡು ಹೋದೆ.

"ಒಂದು ಮಾತು ಹೇಳಿ" ಎಂದಳು ಅವಳು. "ಆ ಮನುಷ್ಯನಿಗೆ ವಿಷಯ ಗೊತ್ತಿದೆಯೋ, ಗೊತ್ತಿಲ್ವೋ?"

"ಗೊತ್ತಿಲ್ಲ ಅಂತ ಹೇಳೋಕೆ ನನಗಂತೂ ಧೈರ್ಯ ಸಾಲದು" ಎಂದೆ.

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ದೇವರೇ, ನೀವೂ ಹಾಗೇ!" ಆಮೇಲೆ ಹೇಳಿದಳು: "ಬರೆಯೋಕೆ ಆಗದವರಿಗೆ ಬಾಯಿಮಾತಿನ ಪರೀಕ್ಷೆ ಮಾಡಬಹುದು. ನಾನು ಓದ್ತೀನಿ, ಅವರು ಹೇಳ್ಲಿ. ಜೊತೆಗೆ ನೀವೂ ಬನ್ನಿ. ಹೆಂಡತಿ ಬೇಡ, ಅವರು ಉತ್ತರಾನೇ ಹೇಳಿಬಿಡ್ತಾರೆ."

ಹೀಗೆ ನಾನು ಫಿನ್ನಿಶ್ ಮಾತಿನಿಂದ ಫಿನ್ನಿಶ್ ಮಾತಿಗೆ ದುಭಾಷಿಯಾದೆ.

ಮೂವರೂ ಖಾಲಿ ತರಗತಿಯಲ್ಲಿ ಕೂತೆವು. ತೌನೊ ಮದುವೆಯ ಕೋಟನ್ನೇ ಹಾಕಿಕೊಂಡು ಬಂದಿದ್ದ, ಗುಂಡಿ ಸೇರುತ್ತಿರಲಿಲ್ಲ.

"ಶೌಚಕ್ಕೆ ಹೋಗಿ ಬಂದ ಮೇಲೆ ಕೈ ತೊಳೆಯಬೇಕು" ಎಂದು ಮರ್ಯುಕ್ಕ ಓದಿದಳು. "ಸರಿಯೋ, ತಪ್ಪೋ?"

"ತೊಳೆದವರನ್ನ ಯಾರೂ ಜೈಲಿಗೆ ಹಾಕಿಲ್ಲ."

"ಸರಿ ಅಂತ ಹೇಳ್ತಿದ್ದಾನೆ" ಎಂದೆ ನಾನು.

"ಅವರ ಬಾಯಿಂದ್ಲೇ ಬರಬೇಕು. ಮುಂದಿನದು. ಹಾಲನ್ನು ಫ್ರಿಜ್ಜಿನಲ್ಲಿಡಬೇಕು."

"ಕಿಟಕಿ ಮೇಲಿಟ್ರೆ ಬೆಕ್ಕಿಗೆ ಅನುಕೂಲ."

ಮರ್ಯುಕ್ಕ ಪೆನ್ನು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ದಣಿವಾಗಿತ್ತು. "ತೌನೊ, ನಿಮಗೆ ಇದೆಲ್ಲ ಗೊತ್ತಿದೆ. ನನಗೆ ಒಂದೇ ಒಂದು ಪದ ಸಾಕು. ಅದನ್ನ ಹೇಳೋಕೆ ಏನು ಕಷ್ಟ?"

ತೌನೊ ಹಣೆ ಒರೆಸಿಕೊಂಡ. "ಒಂದು ಪದ ಅಂದ್ರೆ, ಟೀಚರಮ್ಮ, ಅದು ಹೊರಗೆ ಹೋದ್ಮೇಲೆ ಕರೆದ್ರೂ ವಾಪಸ್ ಬರಲ್ಲ."

ಅವಳು ಉಸಿರುಬಿಟ್ಟು ಮತ್ತೆ ಓದತೊಡಗಿದಳು. ಎರಡು ಮೂರು ವಾಕ್ಯ ಹೀಗೇ ಹೋದವು. ಆಮೇಲೆ ಇದು ಬಂತು: "ಮಾಡಿದ ಸಾರನ್ನು ರಾತ್ರಿಯಿಡೀ ಒಲೆಯ ಮೇಲೆಯೇ ಆರಲು ಬಿಟ್ಟು, ಮರುದಿನ ಬಿಸಿಮಾಡಿ ಬಡಿಸಬಹುದು."

"ತಪ್ಪು."

ನಾನು ಮರ್ಯುಕ್ಕನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ತೌನೊ ಹಿಂದಕ್ಕೆ ತಿರುಗಿ, ಈ ಮಾತಾಡಿದವರು ಯಾರು ಎಂಬಂತೆ ನೋಡಿದ. ಹಿಂದೆ ಕರಿಹಲಗೆ ಬಿಟ್ಟರೆ ಯಾರೂ ಇರಲಿಲ್ಲ.

"ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದ್ರಿ?" ಎಂದು ಮರ್ಯುಕ್ಕ ಮೆಲ್ಲಗೆ ಕೇಳಿದಳು.

ತೌನೊ ಕೋಟಿನ ಅಂಚನ್ನು ಎಳೆದುಕೊಳ್ಳುತ್ತ ಕೂತ. ಆಮೇಲೆ, ನಾನು ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಕೇಳಿರದ ಕತೆಯನ್ನು ಹೇಳಿದ.

"ಹಡಗಿಗೆ ಸೇರಿದ ಮೊದಲನೇ ಬೇಸಿಗೆ. ಗುರುವಾರದ ಬಟಾಣಿ ಸಾರು ಮಾಡಿದ್ದೆ, ದೊಡ್ಡ ಹಂಡೇಲಿ, ಹಂದಿಮಾಂಸ ಹಾಕಿ. ಅರ್ಧ ಮಿಕ್ತು. ಚೆಲ್ಲೋಕೆ ಮನಸ್ಸಾಗ್ಲಿಲ್ಲ, ಒಲೆ ಮೇಲೇ ಬಿಟ್ಟೆ. ಸೆಕೆಗಾಲ, ರಾತ್ರಿನೂ ತಣ್ಣಗಾಗ್ಲಿಲ್ಲ. ಮಾರನೇ ದಿನ ಕಾಯಿಸಿ ಬಡಿಸ್ದೆ. ಕ್ಯಾಪ್ಟನ್ ಮೂಸಿ ನೋಡಿ, 'ಏನೋ, ಸಾರು ಚೆನ್ನಾಗಿದೆಯೇನೋ?' ಅಂತ ಕೇಳಿದ್ರು. ನಾನು ಹೌದು ಅಂದೆ. ಬರೀ ಅಷ್ಟೇ. ಹೌದು."

"ಆಮೇಲೆ?"

"ಹಡಗಲ್ಲಿ ಇದ್ದಿದ್ದು ಒಂದೇ ಕಕ್ಕಸು, ಟೀಚರಮ್ಮ."

ಮರ್ಯುಕ್ಕನ ತುಟಿ ಅದುರಿತು. ಅವಳು ಅದನ್ನು ಕಚ್ಚಿ ಹಿಡಿದಳು.

"ಹಿಂದೆ ದಿಮ್ಮಿಗಳ ತೆಪ್ಪ ಅರ್ಧ ಮೈಲಿ ಉದ್ದಕ್ಕಿತ್ತು. ಜಾಗಕ್ಕೇನೂ ಕೊರತೆ ಇರ್ಲಿಲ್ಲ. ಒಬ್ಬೊಬ್ರೂ ಓಡಿ ಓಡಿ ಒಂದೊಂದು ದಿಮ್ಮಿ ಹಿಡಿದ್ರು. ನಾವು ಹೋಗ್ತಿದ್ದಿದ್ದು ನಡೆಯೋನಿಗಿಂತ ನಿಧಾನ. ದಡದಲ್ಲಿ ರಜೆಗೆ ಬಂದಿದ್ದ ಸಂಸಾರ ಒಂದು, ದಿಮ್ಮಿ ತೆಪ್ಪ ನೋಡೋಣ ಅಂತ ದೋಣಿ ಮಾಡ್ಕೊಂಡು ಹತ್ರಕ್ಕೇ ಬಂತು. ಕೈ ಬೀಸಿದ್ರು. ನಮ್ಮೋರೂ ಕೂತಲ್ಲಿಂದ್ಲೇ ಕೈ ಬೀಸಿದ್ರು. ಇನ್ನೇನು ಮಾಡ್ತಾರೆ?"

ಮರ್ಯುಕ್ಕ ಮೇಜಿನ ಮೇಲೆ ಮುಖ ಇಟ್ಟುಬಿಟ್ಟಳು. ಅವಳ ಭುಜ ಕುಲುಕುತ್ತಿತ್ತು. ನಾನಂತೂ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ. ತೌನೊನೂ ಸ್ವಲ್ಪ ನಕ್ಕ. ಆಮೇಲೆ ನಗು ನಿಂತಿತು.

"ಕ್ಯಾಪ್ಟನ್‌ಗೆ ವಯಸ್ಸಾಗಿತ್ತು. ಅವರನ್ನ ಆಸ್ಪತ್ರೆಗೆ ಸೇರಿಸ್ಬೇಕಾಯ್ತು. ಬದುಕಿ ಬಂದ್ರು. ನನ್ನನ್ನ ಬೈಲಿಲ್ಲ, ಕೆಲಸದಿಂದ ತೆಗೀಲೂ ಇಲ್ಲ. ಆದ್ರೆ ಆಮೇಲೆ ಮನೆಯಿಂದ ಬ್ರೆಡ್ಡು, ಸಾಸೇಜು ತರೋಕೆ ಶುರು ಮಾಡಿದ್ರು. ಎಲ್ರ ಜೊತೆ ಮೇಜಿಗೆ ಬಂದು ಕೂರೋರು, ತಮ್ಮ ಪೊಟ್ಟಣ ಬಿಚ್ಕೊಳ್ಳೋರು. ನನ್ನ ಕೈ ಅಡುಗೆ ಮತ್ತೆ ಮುಟ್ಲಿಲ್ಲ."

ನಾನು ಏನಾದರೂ ಹೇಳಬೇಕೆಂದುಕೊಂಡೆ, ನಮ್ಮ ಸೀಮೆಯ ಸುತ್ತುಮಾತೊಂದೂ ನಾಲಿಗೆಗೆ ಬರಲಿಲ್ಲ. ಮಾತಾಡಿದವಳು ಬಯಲಿನ ಹೆಂಗಸೇ.

"ಆ ಹಂಡೆ ರಾತ್ರಿಯೆಲ್ಲ ಉಗುರುಬೆಚ್ಚಗಿತ್ತಲ್ಲ, ಅದೇ ಸಾಕು" ಎಂದಳು. "ಕಣ್ಣಿಗೆ ಕಾಣದ, ಕುದಿಸಿದ್ರೂ ಸಾಯದ ಹುಳ ಇರುತ್ತೆ, ಬೀಜದ ಹಾಗೆ. ಬೆಚ್ಚಗಿದ್ರೆ ಮೊಳೆಯುತ್ತೆ. ಆಗ ಯಾರೂ ನಿಮಗೆ ಇದನ್ನ ಹೇಳಿಕೊಟ್ಟಿರ್ಲಿಲ್ಲ. ಸಾರು ಕೆಡಿಸಿದ್ದು ನಿಮ್ಮ 'ಹೌದು' ಅಲ್ಲ, ತೌನೊ. ಸೆಕೆ. ನೀವು ಇಲ್ಲ ಅಂದಿದ್ರೂ ಹುಳಕ್ಕೆ ಕಿವಿ ಇರ್ಲಿಲ್ಲ."

ತೌನೊ ಆ ಮಾತನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡುವವನಂತೆ ಕೂತ. ಮರ್ಯುಕ್ಕ ಹಾಳೆ ತಿರುಗಿಸಿ ಮೊದಲಿನಿಂದ ಓದಿದಳು.

"ಶೌಚದ ನಂತರ ಕೈ ತೊಳೆಯಬೇಕು."

"ಸ... ಸರಿ." ಹಲ್ಲು ಕಿತ್ತಂತೆ ಬಂತು.

"ಹಾಲನ್ನು ಫ್ರಿಜ್ಜಿನಲ್ಲಿಡಬೇಕು."

"ಸರಿ."

"ತೊಳೆಯದ ಮಣೆಯ ಮೇಲೆ ಸೊಪ್ಪು ಹೆಚ್ಚಬಹುದು."

"ತಪ್ಪು!" ಈಗ ಅವನಿಗೆ ಅಭ್ಯಾಸವಾಗುತ್ತಿತ್ತು, ಸ್ವಲ್ಪ ಗತ್ತೂ ಬಂದಿತ್ತು. ಒಂದೆಡೆ ಮಾತ್ರ ಮತ್ತೆ ಜಾರಿದ. ರುಚಿ ನೋಡಿದ ಚಮಚವನ್ನು ತೊಳೆಯದೆ ಪಾತ್ರೆಗೆ ಹಾಕಬಹುದೇ ಎಂಬಲ್ಲಿ, "ಅದು ನೆಕ್ಕಿದವರು ಯಾರು ಅನ್ನೋದರ ಮೇಲೆ..." ಎಂದು ಶುರುಮಾಡಿದ. ಮರ್ಯುಕ್ಕ ಕಣ್ಣೆತ್ತಿ ನೋಡಿದಳು. "ತಪ್ಪು, ತಪ್ಪು" ಎಂದು ಅವಸರದಲ್ಲಿ ಮುಗಿಸಿದ.

ಪಾಸಾದ. ನನಗಿಂತ ಒಂದು ಹೆಚ್ಚು ಸರಿ ಹೇಳಿದ್ದ ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ಅವನು ಸುತ್ತಿ ಬಳಸದೆ, ನೇರವಾಗಿ, ಸಂತೆಯ ತುಂಬಾ ಹೇಳಿಕೊಂಡು ತಿರುಗಿದ.

ಸಿಲ್ವಿ ಟೋಪಿ ಕಳಚಿಟ್ಟು ಆಸ್ಪತ್ರೆಗೆ ಮರಳಿದಳು. ಮೀನಿಗೆ ಉಪ್ಪು ಬಂತು, ಗುಡಾರದ ಮುಂದೆ ಮಾತು ಬಂತು, ಸಾಲು ಮೊದಲಿನ ಹಾಗೆ ನಿಂತಲ್ಲೇ ನಿಂತಿತು. ಗಿರಾಕಿಗಳ ಜೊತೆ ಅವನ ಮಾತೇನೂ ನೆಟ್ಟಗಾಗಲಿಲ್ಲ. ಆದರೆ ಶುಚಿತ್ವದ ವಿಷಯ ಬಂದರೆ ಬೇರೆಯೇ ಮನುಷ್ಯ. ಕೊರಳಿಗೆ ದಾರ ಕಟ್ಟಿ ಥರ್ಮಾಮೀಟರ್ ನೇತುಹಾಕಿಕೊಂಡ. ನನ್ನ ಬನ್ನಿನ ಮೇಲೆ ಮುಚ್ಚಳ ಇಲ್ಲದಿದ್ದರೆ, "ಹಿಲ್ಕಾ, ಮುಚ್ಚು" ಎನ್ನುತ್ತಿದ್ದ. ಎರಡೇ ಪದ. ನನಗೆ ಆ ಹಳೆಯ ತೌನೊನೇ ವಾಸಿ ಎನ್ನಿಸಿತು.

ಕ್ಯಾಲೆಂಡರಿನಲ್ಲಿ ಸಿಲ್ವಿಯ ಹೆಸರು ಬರುವ ಹಬ್ಬದ ದಿನ ಅವಳ ಅಕ್ಕ ಒಲೆಯಲ್ಲಿ ಬೇಯಿಸಿದ ಹಂದಿತೊಡೆಯನ್ನು ಹೊತ್ತು ತಂದಳು. ಎಲ್ಲರೂ ತಟ್ಟೆ ಹಿಡಿದು ನಿಂತಿದ್ದೆವು. ತೌನೊ ಅಡ್ಡ ನಿಂತು ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿದ.

"ಇದು ಒಲೆಯಿಂದ ಯಾವಾಗ ಹೊರಗೆ ಬಂತು?"

"ಬರುವಾಗ ಬಿಸಿಯಾಗೇ ಇದ್ದ ಹಾಗಿತ್ತಪ್ಪ" ಎಂದಳು ಅಕ್ಕ. ಅವಳೂ ನಮ್ಮೂರವಳೇ.

"ಯಾವಾಗ ಅಂತ ಕೇಳ್ದೆ!"

"ಮಧ್ಯಾಹ್ನ ಅನ್ನೋರು ಅನ್ನಬಹುದು. ಇನ್ನೂ ಮುಂಚೆ ಅನ್ನೋರೂ..."

"ನೇರವಾಗಿ ಹೇಳಮ್ಮ! ಒಂದು ಪದ ಹೇಳೋಕೆ ಏನು ಕಷ್ಟ ನಿನಗೆ?"

ಸಿಲ್ವಿ ಕೈಲಿದ್ದ ಲೋಟ ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ಉಸಿರು ಕಟ್ಟುವಷ್ಟು ನಕ್ಕಳು. ಮಾಂಸವನ್ನು ಮತ್ತೆ ಒಲೆಗೆ ಹಾಕಿಸಿಯೇ ತೌನೊ ಬಿಟ್ಟ. ನಾವು ಹಸಿದುಕೊಂಡು ಕಾದೆವು.

ಬೇಸಿಗೆಯ ಕೊನೆಗೆ ಮರ್ಯುಕ್ಕ ಸಂತೆಗೆ ತಪಾಸಣೆಗೆ ಬಂದಳು. ಪಾಠ ಹೇಳುವುದರ ಜೊತೆಗೆ ಅದೂ ಅವಳ ಕೆಲಸವಾಗಿತ್ತು. ತೌನೊ ಎದೆಯುಬ್ಬಿಸಿ ನಿಂತ. ಅವಳು ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ನೋಡಿದಳು, ಬೆಣ್ಣೆ ನೋಡಿದಳು, ನೀರಿನ ಡಬ್ಬ ನೋಡಿದಳು. ಕೊನೆಗೆ ಗುಡಾರದ ಕಂಬಕ್ಕೆ ನೇತುಬಿದ್ದಿದ್ದ, ಅವನು ಕೈ ಒರೆಸಿಕೊಳ್ಳುವ ಟವೆಲ್ಲಿನ ಮುಂದೆ ನಿಂತಳು.

"ಹೇಗಿದೆ, ಟೀಚರಮ್ಮ?"

ಮರ್ಯುಕ್ಕ ನಮ್ಮೂರಿಗೆ ಬಂದು ಆಗಲೇ ಒಂದು ಚಳಿಗಾಲ, ಒಂದು ಬೇಸಿಗೆ ಕಳೆದಿದ್ದವು. "ಈ ಟವೆಲ್ಲಿಗೆ ಹಿಂದೆ ಯಾವತ್ತೋ ಒಂದು ಬಣ್ಣ ಇದ್ದಿರಬಹುದು ಅನ್ನೋರ ಮಾತನ್ನ ನಾನು ಅಲ್ಲಗಳೆಯಲ್ಲ" ಎಂದಳು.

ತೌನೊ ಟವೆಲ್ ಕಿತ್ತು ಕಸದ ಬುಟ್ಟಿಗೆ ಹಾಕಿ, ನನಗೆ ಕಾವಲಿ ನೋಡಿಕೊಳ್ಳಲು ಹೇಳಿ, ಒರೆಸುವ ಕಾಗದ ತರಲು ಅಂಗಡಿಗೆ ಓಡಿದ. ಬಂದು ಕೈ ತೊಳೆದು, ಕಾಗದದಲ್ಲಿ ಒರೆಸಿ, ಅವಳಿಗೊಂದು ತಟ್ಟೆ ಹುರಿದುಕೊಟ್ಟ. ಅವಳು ದುಡ್ಡು ಕೊಟ್ಟೇ ತೆಗೆದುಕೊಂಡು, ನನ್ನ ಕಾಫಿ ಮೇಜಿನ ಹತ್ತಿರ ನಿಂತು ತಿಂದಳು. ಬಾಲವನ್ನೂ ಬಿಡಲಿಲ್ಲ.